ಕಡೇ ನುಡಿಯ ಹೆಸರು

"ಈ ಹಾಡ ನಿಮಗ ಹ್ಯಾಂಗ ಹೊಳೀತ್ರಿ ಅಂತ ಕೇಳಿದ್ರ ಏನ್ ಹೇಳ್ಲಿ?"

ಕಳಕೇಶ ಕನ್ನಡಿಯ ಮುಂದೆ ನಿಂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಕೇಳಿದ್ದು ಕನ್ನಡಿಯನ್ನಲ್ಲ, ಹಿಂದೆ ನೆಲದ ಮೇಲೆ ಕಂಬಳಿ ಹಾಸಿಕೊಂಡು ಅವನ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿಯನ್ನು. ನಿರ್ಮಲಾ ತಲೆ ಎತ್ತದೆ ಕಾಲರಿನ ಮೇಲೆ ನೀರು ಚಿಮುಕಿಸಿದಳು.

"ಖರೇ ಏನೈತಿ ಅದನ್ನ ಹೇಳ್ರಿ."

"ಹೇಳ್ತೇನಿ. ಹೇಳಂಗಿಲ್ಲ ಅಂದೆನೇನು? ಎಲ್ಲಾರ ಮುಂದ ಮೈಕ್ ಹಿಡದು ಹೇಳ್ತೇನಿ, ಹಾಡ ನಂದಲ್ಲ, ನಮ್ಮನಿಯಾಕಿ ಕಟ್ಟಿದ್ದು ಅಂತ. ಆದ್ರ ಕರದು ಶಾಲು ಹೊಚ್ಚವ್ರ ಮುಂದ ಮದಲ ನಾಕ ಮಾತರ ಆಡಬೇಕಲ್ಲ? ಆ 'ಮೂರ ಜೀವ' ಅನ್ನೂದು ಎಲ್ಲಿಂದ ಬಂತು ಅಂದ್ರ?"

"ನಿಮ್ಮ ಟೀವಿಯೊಳಗಿಂದ ಬಂತು."

ಕಳಕೇಶ ನಕ್ಕ. ಈಚೆಗೆ ಅವನು ಇಂಥ ಮಾತಿಗೆ ಸಿಟ್ಟಾಗುತ್ತಿರಲಿಲ್ಲ. ಹೆಸರಾದ ಮೇಲೆ ಮನುಷ್ಯ ಸಣ್ಣ ಮಾತಿಗೆ ಸಿಟ್ಟಾಗಬಾರದೆಂದು ಯಾರೋ ಹೇಳಿಕೊಟ್ಟಿರಬೇಕು. ಹನ್ನೊಂದು ಗಂಟೆಗೆ ರೋಣದಲ್ಲಿ ಅವನಿಗೆ ಸನ್ಮಾನ. ಯುವಕ ಸಂಘದ ಕರೆಯೋಲೆಯಲ್ಲಿ 'ಖ್ಯಾತ ಜನಪದ ಕವಿ ಶ್ರೀ ಕಳಕೇಶ, ಗಜೇಂದ್ರಗಡ' ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಇನ್ನೂ ಸಣ್ಣದಾಗಿ 'ದಂಪತಿ ಸಮೇತ' ಎಂದಿತ್ತು. ಆ ಎರಡು ಪದದ ದೆಸೆಯಿಂದ ನಿರ್ಮಲಾ ಇವತ್ತು ಅವನ ಜೊತೆ ಹೊರಟಿದ್ದಳು.

ಹಾಡು ಹೇಗೆ ಹುಟ್ಟಿತೆಂದು ಕವಿಯೇ ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವುದು ಆ ಮನೆಯಲ್ಲಿ ನಾಲ್ಕು ತಿಂಗಳಿಂದ ನಡೆದೇ ಇತ್ತು. ಮೊದಮೊದಲು ಕೇಳುವಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಈಗ ಸಾರಿಗೆ ಉಪ್ಪು ಸಾಕೇ ಎಂದು ಕೇಳಿದ ಹಾಗೆ ಕೇಳುತ್ತಿದ್ದ. ಇವತ್ತೂ ಇಸ್ತ್ರಿ ಮುಗಿಯುವುದರೊಳಗೆ ಅವಳು ಎಲ್ಲ ಹೇಳಿಕೊಟ್ಟಳು.

ಹಾಡು ಹುಟ್ಟಿದ್ದು ಅವನ ಟೀವಿಯಿಂದಲೇ ಎಂಬುದು ಸುಳ್ಳಲ್ಲ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನದೊಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಎರಡು ಟೀವಿ, ಅವಕ್ಕೆ ಜೋಡಿಸಿದ ಗೇಮಿನ ಪೆಟ್ಟಿಗೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಸಾಲೆ ಬಿಟ್ಟ ಹುಡುಗರು ಬಂದು ತಾಸಿನ ಲೆಕ್ಕದಲ್ಲಿ ಆಡುತ್ತಿದ್ದರು. ಹುಡುಗರ ಕೈಗೆಲ್ಲ ಮೊಬೈಲು ಬಂದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಗಿರಾಕಿ ಇಲ್ಲವೆಂದು ಕಳಕೇಶ ಬೇರೆ ಕೆಲಸ ಹುಡುಕಲಿಲ್ಲ. ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತ. ಅಂಗಡಿ ಮುಚ್ಚಿದ ಮೇಲೆ ಒಂದು ಟೀವಿ, ಒಂದು ಪೆಟ್ಟಿಗೆ, ಒಂದು ಕುರ್ಚಿಯನ್ನು ಮನೆಗೆ ತಂದ.

ಅವನಿಗೆ ಇಷ್ಟವಾದದ್ದು ಒಂದು ಹಳೇ ಆಟ. ಟೋಪಿ ಹಾಕಿದ ಸಣ್ಣ ಸಿಪಾಯಿ ಓಡುತ್ತಾನೆ, ಜಿಗಿಯುತ್ತಾನೆ, ಗುಂಡು ಹಾರಿಸುತ್ತಾನೆ. ಅವನಿಗೆ ಮೂರು ಜೀವ. ಗುಂಡಿಗೆ ಬಿದ್ದು ಸತ್ತರೆ ಟೊಂಯ್ ಟೊಂಯ್ ಟೊಂಯ್ ಎಂದು ಮೂರು ಸ್ವರ ಕೆಳಗಿಳಿಯುತ್ತದೆ, ಆಮೇಲೆ ಸಿಪಾಯಿ ಏನೂ ಆಗದವನಂತೆ ಮತ್ತೆ ಎದ್ದು ನಿಲ್ಲುತ್ತಾನೆ. ಅದೇ ಕೋಣೆಯ ಮೂಲೆಯಲ್ಲಿ ನಿರ್ಮಲಾ ಹೊಲಿಗೆ ಮಿಶನ್ ಇಟ್ಟುಕೊಂಡು ಓಣಿಯ ಹೆಂಗಸರ ಕುಬುಸ ಹೊಲಿಯುತ್ತಿದ್ದಳು. ಮೂರು ವರ್ಷ ದಿನಕ್ಕೆ ಎಂಟು ತಾಸು ಆ ಟೊಂಯ್ ಟೊಂಯ್ ಕೇಳಿದರೆ ಕಲ್ಲಿಗೂ ಅದು ಬಾಯಿಪಾಠ ಆಗುತ್ತಿತ್ತು. ಅವಳ ಕಾಲು ತನಗೇ ಗೊತ್ತಿಲ್ಲದೆ ಆ ತಾಳಕ್ಕೆ ಮಿಶನ್ ತುಳಿಯತೊಡಗಿತು. ತಾಳ ಕೂತ ಮೇಲೆ ಮಾತು ಬಂದು ಅದರ ಮೇಲೆ ಕೂತವು. ಊಟಕ್ಕೆ ಬರ್ರಿ ಎಂದು ಹತ್ತು ಸಲ ಕರೆದು, ಬಾರದ ಗಂಡನ ಬೆನ್ನು ನೋಡುತ್ತ ಅವಳು ಅದನ್ನು ಗುನುಗಿಕೊಂಡಳು:

ಮೂರ ಜೀವ ನಿನಗ ರಾಜಾ, ನನಗ ಒಂದ ಜೀವ,
ನೀ ಸತ್ತರ ಮತ್ತ ಏಳತಿ, ನನ್ನ ಯಾರ ಎಬ್ಬಿಸಾವ?

ಅದು ಮನೆಯಿಂದ ಹೊರಗೆ ಬಿದ್ದದ್ದು ಎದುರು ಮನೆಯ ಸೊಸೆಯ ಸೀಮಂತದ ಕುಬಸದ ದಿನ. ಬಸುರಿಯನ್ನು ಕೂಡಿಸಿ ಆರತಿ ಎತ್ತುವ ಮೊದಲು ಪ್ರತಿಯೊಬ್ಬಳೂ ಒಡಪು ಹಚ್ಚಿ ಗಂಡನ ಹೆಸರು ಹೇಳಬೇಕು. ವರ್ಷವೆಲ್ಲ ಗಂಡನ ಹೆಸರನ್ನು ಬಾಯಿ ಬಿಟ್ಟು ಆಡದ ಹೆಂಗಸರು ಅವತ್ತು ಮಾತ್ರ ಹಾಡಿ ಹೇಳುತ್ತಾರೆ. ಉಳಿದವರು ಎರಡೆರಡು ಸಾಲು ಹೇಳಿ ನಾಚಿಕೊಂಡು ಕೂತರು. ನಿರ್ಮಲಾಳ ಪಾಳಿ ಬಂದಾಗ ಅವಳು ಹಾಡತೊಡಗಿದಳು, ಆರು ನುಡಿ ಹಾಡಿದಳು. 'ರೊಟ್ಟಿ ಆರಿ ಹಪ್ಪಳಾತು, ಕರದರ ಕಿವಿ ಇಲ್ಲ. ಗುಂಡ ಹೊಡದು ಊರ ಗೆದ್ದಿ, ಮನಿ ಗೆಲ್ಲಲಿಲ್ಲ' ಎಂಬಲ್ಲಿ ಮುದುಕಿಯರು ಸೆರಗು ಬಾಯಿಗಿಟ್ಟು ನಕ್ಕರು. ನಡುನಡುವೆ ಬಾಯಿಂದಲೇ ಟೊಂಯ್ ಟೊಂಯ್ ಅನ್ನುತ್ತಿದ್ದಳು. ಕಡೆಗೆ ಒಡಪಿನ ರೂಢಿಯಂತೆ ಮುಗಿಸಿದಳು:

ಗಜೇಂದ್ರಗಡ ನಮ್ಮೂರ, ಗುಡ್ಡದ ಕೆಳಗ ಮನಿ,
ಕಳಕೇಶರ ಹೆಸರಿಲೆ ಇಲ್ಲಿಗಿ ಹಾಡ ಮುಗಸೇನಿ.

ನಗುವವರ ನಡುವೆ ಒಬ್ಬಳು ನಗದೆ ಕಿವಿಗೊಟ್ಟು ಕೂತಿದ್ದಳು. ಅವಳು ಅಫ್ರೀನ, ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಹಾಡಿನ ಸ್ಟುಡಿಯೋ ಇಟ್ಟ ಬಾಷಾನ ಹೆಂಡತಿ. ಮರುದಿನವೇ ನಿರ್ಮಲಾಳ ಕೈ ಹಿಡಿದು ಅಟ್ಟ ಹತ್ತಿಸಿದಳು.

ಬಾಷಾ ಮದುವೆ ಮೇಳಗಳಲ್ಲಿ ಕ್ಯಾಸಿಯೋ ನುಡಿಸಿ ಬೆರಳು ಸವೆಸಿದವನು. ಹಾಡು ಕೇಳಿ ತೊಡೆಯ ಮೇಲೆ ಬೆರಳಿಂದ ಅದರ ತಾಳ ಹಾಕಿ ನೋಡಿದ. "ವೈನಿ, ಇದಕ್ಕ ಹಲಗಿ, ಡೋಲಕ ಏನೂ ಬ್ಯಾಡ್ರಿ," ಅಂದ. "ಬರೇ ಕ್ಯಾಸಿಯೋ. ಮಿಶಿನ್ನ ಹಾಡಬೇಕ ಇದನ್ನ." ತನ್ನ ಅಪ್ಪನ ಕಾಲದ ಒಂದು ಹಳೇ ಕೀಬೋರ್ಡನ್ನು ಚೀಲದಿಂದ ತೆಗೆದ. ಅದರ ದನಿ ತೆಳುವಾಗಿ, ತಣ್ಣಗೆ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿತ್ತು. ಹಾಡಲು ನರಗುಂದದಿಂದ ಅನ್ನಪೂರ್ಣೇಶ್ವರಿ ಎಂಬ ಕಾಲೇಜಿನ ಹುಡುಗಿಯನ್ನು ಕರೆಸಿದ, ಯಾಕೆಂದರೆ ನಿರ್ಮಲಾಳ ಕಂಠ ಒಡಕು, ಅವಳೇ ಬೇಡವೆಂದಳು. ಕೆಳಗೆ ಗಿರಣಿ ನಿಂತ ಹೊತ್ತು ನೋಡಿ ಎರಡು ಮಧ್ಯಾಹ್ನ ರೆಕಾರ್ಡ್ ಮಾಡಿದರು. ಆ ಎರಡು ಮಧ್ಯಾಹ್ನ ನಿರ್ಮಲಾ ಅಷ್ಟು ಖುಷಿಯಾಗಿದ್ದಳು ಎಂದರೆ, ಮನೆಗೆ ಬಂದು ಗಂಡನ ಟೊಂಯ್ ಟೊಂಯ್ ಕೇಳಿ ನಗುತ್ತಿದ್ದಳು.

ತಪ್ಪಾದದ್ದು ಎರಡನೇ ಮಧ್ಯಾಹ್ನ. ಬಾಷಾ ಕಡೇ ನುಡಿಗೆ ಬಂದು ಕೈ ತಡೆದ.

"ವೈನಿ, ಇಲ್ಲಿ ನಿಮ್ಮ ಹೆಸರ ಹಾಕೂಣಲ್ರಿ? ಕಡೇ ನುಡಿ ಅಂದ್ರ ಬರದವರ ಜಾಗಾ ಅದು."

ಅವನು ಹೇಳಿದ್ದು ಸರಿ. ಈ ಭಾಗದಲ್ಲಿ ಮೊಹರಮ್ಮಿನ ಅಲಾಯಿ ಪದವಿರಲಿ, ಗೀಗೀ ಪದವಿರಲಿ, ಈಗಿನ ಟ್ರ್ಯಾಕ್ಟರಿನ ಹಾಡಿರಲಿ, ಕಡೇ ನುಡಿಯಲ್ಲಿ ಊರ ಹೆಸರು, ಅದರ ಬೆನ್ನಿಗೆ ಹಾಡು ಕಟ್ಟಿದವನ ಹೆಸರು. ಅಲ್ಲಿ ಯಾರ ಹೆಸರಿದೆಯೋ ಹಾಡು ಅವನದು. ಯಾವ ಕಾಗದ, ಯಾವ ಸಹಿಯೂ ಬೇಕಿಲ್ಲ.

ನಿರ್ಮಲಾ ಗಾಬರಿಯಾದಳು. ಟ್ರ್ಯಾಕ್ಟರಿನ ಮೇಲೆ ಕಪಾಟಿನಷ್ಟು ದೊಡ್ಡ ಸ್ಪೀಕರು ಕಟ್ಟಿಕೊಂಡು ಹೋಗುವ ಹುಡುಗರು, ಮದುವೆಯ ವರಾತದ ಮುಂದೆ ಕುಡಿದು ಕುಣಿಯುವವರು, ಅವರ ಬಾಯಲ್ಲೆಲ್ಲ ನಿರ್ಮಲಾ, ನಿರ್ಮಲಾ ಎಂದು ತನ್ನ ಹೆಸರು. ಅತ್ತೆ ಏನಂದಾಳು? ಅಷ್ಟೇ ಆಗಿದ್ದರೆ ಅವಳು ಧೈರ್ಯ ಮಾಡುತ್ತಿದ್ದಳೇನೋ. ಇನ್ನೊಂದು ಅಂಜಿಕೆ ಅದಕ್ಕಿಂತ ಆಳದ್ದು.

"ಬ್ಯಾಡ್ರಿ. ಒಡಪಿನ್ಯಾಗ ಒಮ್ಮೆ ಅವರ ಹೆಸರ ಹಿಡದ ಮ್ಯಾಲ ಅದನ್ನ ತಗೀಬಾರದ್ರಿ. ಗಂಡನ ಹೆಸರ ಅಳಿಸಿದಂಗ ಆಕ್ಕೈತಿ."

"ಅಕ್ಕಾ, ಇದು ಒಡಪಲ್ಲ, ಹಾಡು," ಅಂದಳು ಅಫ್ರೀನ.

"ನನಗ ಒಡಪ ಅದು."

ಬಾಷಾ ಇನ್ನೊಮ್ಮೆ ಕೇಳಿದ. ನಿರ್ಮಲಾ ಇನ್ನೊಮ್ಮೆ ಬೇಡವೆಂದಳು. ಅವನು ಗುಂಡಿ ಒತ್ತಿದ, ಹುಡುಗಿ ಕಳಕೇಶರ ಹೆಸರಿಲೆ ಎಂದು ಹಾಡಿ ಮುಗಿಸಿ ನರಗುಂದದ ಬಸ್ಸು ಹಿಡಿದಳು.

ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಹಾಡು ಮೊಬೈಲಿನಲ್ಲಿ ಬಿದ್ದ ಎಂಟನೇ ದಿನಕ್ಕೆ ಯಾವಗಲ್ಲ ಎಂಬ ಊರಿನ ಟ್ರ್ಯಾಕ್ಟರುಗಳ ಮೇಲೆ ಇತ್ತು, ಹದಿನೈದನೇ ದಿನಕ್ಕೆ ಮದುವೆಗಳಲ್ಲಿ, ತಿಂಗಳಿಗೆ ಸಾಲೆಯ ಗ್ಯಾದರಿಂಗಿನಲ್ಲಿ. ಹಲಗಿ ಇಲ್ಲದ ಹಾಡಿಗೆ ಜನ ಕುಣಿಯುವುದನ್ನು ಬಾಷಾ ಮೊದಲ ಸಲ ನೋಡಿದ. ಹುಡುಗರು ಟೊಂಯ್ ಟೊಂಯ್ ಟೊಂಯ್‌ಗೆ ಸತ್ತವರಂತೆ ನೆಲಕ್ಕೆ ಬಿದ್ದು, ಮತ್ತೆ ಜಿಗಿದೇಳುತ್ತಿದ್ದರು. ಅದರೊಳಗೊಬ್ಬಳು ಅಳುತ್ತಿದ್ದಾಳೆ ಎಂದು ಯಾರಿಗೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿಯೂ ಇರಲಿಲ್ಲ, ತಾಳ ಅಷ್ಟು ಚೆನ್ನಾಗಿತ್ತು. ಮೊಬೈಲಿಗೆ ಹಾಕುವಾಗ ಹಾಡಿನ ಮೇಲೆ ಹೆಸರು ಬರೆಯುವ ಕೆಲಸ ಮಾಡಿದವನು ನರಗುಂದದ ಒಬ್ಬ ಹುಡುಗ. ಯಾರನ್ನೂ ಕೇಳದೆ, ಕಡೇ ನುಡಿ ಕೇಳಿಸಿಕೊಂಡು, 'ಸಾಹಿತ್ಯ: ಕಳಕೇಶ, ಗಜೇಂದ್ರಗಡ' ಎಂದು ಬರೆದಿದ್ದ.

ಕಳಕೇಶ ಮೊದಲ ಸಲ ಕೇಳಿದಾಗ ಉರಿದುಬಿದ್ದ. ನನ್ನ ಮರ್ಯಾದೆಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದಿ ಎಂದು ತಟ್ಟೆ ಎಸೆದ. ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಮೂರನೇ ದಿನ ಚಹಾದಂಗಡಿಯಲ್ಲಿ ಯಾರೋ, "ಬರ್ರಿ ಕವಿಗಳ, ಹೆಣ್ಣಿನ ಮನಸ ಹೊಕ್ಕು ಬರದೀರಿ ಬಿಡ್ರಿ," ಎಂದು ಕುರ್ಚಿ ಎಳೆದು ಕೂಡಿಸಿದರು. ಅವನು ಅಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಚಹಾ ಕುಡಿದು ಬಂದ. ವಾರದೊಳಗೆ ಹೌದು ಅನ್ನುವುದನ್ನೂ ಕಲಿತ.

ಬಾಷಾ ಮನೆಗೆ ಬಂದು ತಪ್ಪೊಪ್ಪಿಕೊಂಡಿದ್ದ. "ಐದು ಮಿನಿಟಿನ ಕೆಲಸ ಅಣ್ಣಾರ, ವೈನಿ ಹೆಸರ ಹಾಕಿ ಬದಲಿ ಮಾಡಸ್ತೇನಿ." ಕಳಕೇಶ ಮೀಸೆ ತಿರುವುತ್ತ, "ಈಗ ಬ್ಯಾಡೋ, ಮಂದಿ ನಗ್ತಾರ," ಅಂದ. ಅವನ ತಾಯಿ ರೇಣುಕವ್ವ ಒಳಗಿಂದಲೇ, "ಗಂಡಂದಾದ್ರೇನು, ಹೆಂಡ್ತೀದಾದ್ರೇನು, ಮನಿ ಒಂದ ಅಲ್ಲೇನಪಾ?" ಅಂದಳು. ಬಾಷಾ ನಿರ್ಮಲಾಳ ಕಡೆ ನೋಡಿದ. ನಿರ್ಮಲಾ ನೆಲ ನೋಡಿದಳು.

ಅವಳು ಬಾಯಿ ಮುಚ್ಚಿಕೊಂಡದ್ದಕ್ಕೆ ಕಾರಣವಿತ್ತು. ಕಳಕೇಶ ಟೀವಿಯ ಮುಂದಿನಿಂದ ಎದ್ದಿದ್ದ. ಮೂರು ವರ್ಷ ಕರೆದು, ಬೈದು, ಅತ್ತು ಎಬ್ಬಿಸಲಾಗದ ಗಂಡ, ಕವಿಯಾದವನು ಗೇಮ್ ಆಡುತ್ತ ಕೂತರೆ ಚಂದವಲ್ಲವೆಂದು ತಾನಾಗಿ ಎದ್ದು, ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟ. ಬೆಳಿಗ್ಗೆ ಜಳಕ ಮಾಡಿ, ಬಿಳಿ ಅಂಗಿ ಹಾಕಿ, ಸಂತೆಗೆ ಹೋಗಿ ಕಾಯಿಪಲ್ಯ ತಂದ. ಅವಳ ಜೊತೆ ಕೂತು ಉಂಡ. ಇದಕ್ಕೆ ಒಂದು ಹಾಡು ಹೋದರೆ ಹೋಗಲಿ ಎಂದು ಅವಳು ಮನಸ್ಸನ್ನು ಒಪ್ಪಿಸಿದಳು. ಒಪ್ಪಿದ ಮನಸ್ಸು ಒಂದು ತಿಂಗಳು ಸುಮ್ಮನಿತ್ತು.

ಅದು ಕೆಟ್ಟದ್ದು ಬೆಳವಣಕಿಯಲ್ಲಿ, ತವರುಮನೆಯ ಪಡಸಾಲೆಯಲ್ಲಿ. ಜೋಳ ಹಸನು ಮಾಡುತ್ತಿದ್ದ ಅವಳ ಅವ್ವ ಮೊರ ಕೆಳಗಿಟ್ಟು ಮಗಳ ಕೆನ್ನೆ ಮುಟ್ಟಿದಳು.

"ಅಳಿಯ ದೇವರು ಚಲೋ ಹಾಡ ಕಟ್ಟ್ಯಾರ ಬಿಡವ. ಕೇಳಿ ಕಣ್ಣೀರ ಹಾಕಿದೆ ನಾನು. ನಿನ್ನ ಸಂಕಟ ಅವರಿಗರ ತಿಳೀತಲ್ಲ, ಅಷ್ಟ ಸಾಕು."

"ಅದನ್ನ ಕಟ್ಟಿದಾಕಿ ನಾನವ್ವಾ."

ಅವ್ವ ಅವಳನ್ನು ನೋಡಿ ನಕ್ಕಳು. ಕೆಟ್ಟ ನಗುವಲ್ಲ, ಹಟ ಮಾಡುವ ಮಗುವಿಗೆ ನಗುವ ನಗು. "ಆತ ಬಿಡ. ಗಂಡ ಮುಂದ ಬರೂ ಹೊತ್ತಿನ್ಯಾಗ ಹಂಗೆಲ್ಲಾ ಅನಬಾರದು," ಎಂದು ಮೊರ ಎತ್ತಿಕೊಂಡಳು.

ಜೋಗುಳ ಹಾಡಿ ತನಗೆ ಮಾತು ಕಲಿಸಿದವಳೇ ನಂಬದ ಮೇಲೆ ನಿರ್ಮಲಾ ಅವತ್ತೇ ಗಜೇಂದ್ರಗಡದ ಬಸ್ಸು ಹಿಡಿದಳು. ಮನೆಗೆ ಬಂದವಳೇ ಗಂಡನ ಎದುರು ನಿಂತು, ಹಾಡು ನಿಮ್ಮದಲ್ಲ, ನನ್ನದೆಂದು ಜನರ ಮುಂದೆ ಹೇಳಿದರಷ್ಟೇ ನಾನು ನಿಮಗೆ ಇನ್ನೊಂದು ಹಾಡು ಕಟ್ಟಿಕೊಡುತ್ತೇನೆ ಎಂದಳು. ಇನ್ನೊಂದು ಹಾಡು ಕೊಡಿ ಎಂದು ನಾಲ್ಕೂ ಕಡೆಯಿಂದ ಫೋನು ಬರುತ್ತಿದ್ದ ಕಾಲ ಅದು. ಕಳಕೇಶ ಎರಡು ದಿನ ಯೋಚಿಸಿದ. ರೋಣದ ಕರೆಯೋಲೆ ಬಂದಾಗ, "ಅಲ್ಲೇ ಹೇಳ್ತೇನಿ. ದೊಡ್ಡ ಸ್ಟೇಜ್ ಐತಿ, ಒಮ್ಮೆ ಹೇಳಿದ್ರ ಊರಿಗೆಲ್ಲಾ ತಿಳೀತೈತಿ," ಎಂದು ಮಾತು ಕೊಟ್ಟ. ಅವನು ಮಾತು ಕೊಟ್ಟದ್ದು ಸುಳ್ಳು ಮನಸ್ಸಿನಿಂದಲ್ಲ ಎಂದು ಅವಳು ನಂಬಿದ್ದಳು.

ರೋಣದ ಕಲ್ಯಾಣ ಮಂಟಪದಲ್ಲಿ ಹನ್ನೊಂದರ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಯಿತು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿದ್ದವು. ವೇದಿಕೆಯ ಮೇಲೆ ಕಳಕೇಶನನ್ನು ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಕೂಡಿಸಿದರು, ಪಕ್ಕದಲ್ಲಿ ನಿರ್ಮಲಾಳಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ನಿರೂಪಣೆ ತೋಟಪ್ಪ ಮಾಸ್ತರರದು. ಮೈಕು ಸಿಕ್ಕರೆ ಬಿಡದ ಮನುಷ್ಯ. ಕಳಕೇಶನನ್ನು ಹೊಗಳುತ್ತ ಹೊಗಳುತ್ತ ಸಾಹಿತ್ಯದ ಇತಿಹಾಸದಲ್ಲಿ ಎಲ್ಲೆಲ್ಲಿಗೋ ಹೋಗಿ ಬಂದರು. ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿ ಹಿಡಿದುಕೊಳ್ಳಲು ನಿರ್ಮಲಾ ಇದ್ದಳು.

ಆಮೇಲೆ ಮೈಕು ಕಳಕೇಶನ ಕೈಗೆ ಬಂತು. ನಿರ್ಮಲಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು.

ಕಳಕೇಶ ಚೆನ್ನಾಗಿ ಮಾತಾಡಿದ. ಮೂರು ಜೀವ ಎಲ್ಲಿಂದ ಬಂತೆಂದು ಹೇಳಿದ. ಆಟದ ಚಟಕ್ಕೆ ಬಿದ್ದ ಗಂಡಸಿನ ಮನೆಯಲ್ಲಿ ಹೆಂಗಸು ಹೇಗೆ ಬೇಯುತ್ತಾಳೆಂದು ಹೇಳಿದ; ಬೆಳಿಗ್ಗೆ ಅವಳು ಇಸ್ತ್ರಿ ಮಾಡುತ್ತ ಹೇಳಿಕೊಟ್ಟ ಮಾತುಗಳೇ, ಒಂದೂ ಬಿಡದೆ ಹೇಳಿದ. ಹೆಂಗಸರ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತಿತು. ಕಳಕೇಶ ಒಮ್ಮೆ ಹೆಂಡತಿಯ ಕಡೆ ತಿರುಗಿ ನೋಡಿದ. ಈಗ ಹೇಳುತ್ತಾನೆ ಎಂದುಕೊಂಡಳು. ಅವನ ತುಟಿ ತೆರೆಯಿತು.

"ಇನ್ನೊಂದ ಮಾತ ಹೇಳೂದಿತ್ತು..." ಎಂದ. ಎದುರಿಗೆ ಮುನ್ನೂರು ಮುಖ. ಮುಂದಿನ ಸಾಲಿನಲ್ಲಿ ಕೂತ ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು. "...ನಿಮ್ಮ ಪ್ರೀತಿ ಹಿಂಗ ಇರ್ಲಿ. ಇನ್ನೊಂದ ಹಾಡ ಲಗೂನ ಬರ್ತೈತಿ." ಮೈಕನ್ನು ತೋಟಪ್ಪ ಮಾಸ್ತರರಿಗೆ ಕೊಟ್ಟು ಕೂತ. ಕೂತವನು ಅವಳ ಕಡೆ ನೋಡಲಿಲ್ಲ, ಶಾಲಿನ ಅಂಚನ್ನು ಸರಿಮಾಡಿಕೊಂಡ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಾಸ್ತರರಿಗೆ ಇನ್ನೂ ಹುರುಪಿತ್ತು. "ಕವಿಗಳ ಮಾತ ಕೇಳಿದ್ವಿ. ಈಗ ಕವಿಗಳ ಮನಿಯವರನ್ನ ಸುಮ್ಮನ ಬಿಡೂದೇನ್ರಿ?" ಎಂದು ಸಭೆಯನ್ನು ಕೇಳಿದರು. "ಅವ್ವಾರ, ಒಂದು ಒಡಪ ಹಚ್ಚಿ ನಿಮ್ಮ ಯಜಮಾನ್ರ ಹೆಸರ ಹೇಳ್ರಿ!" ಜನ ಹೋ ಎಂದರು. ಮೈಕು ಬಂದು ಅವಳ ಬಾಯಿಯ ಮುಂದೆ ನಿಂತಿತು.

ನಿರ್ಮಲಾ ಬುಟ್ಟಿಯನ್ನು ನೆಲಕ್ಕಿಟ್ಟು ಎದ್ದು ನಿಂತಳು. ಬೇರೆ ಹೆಂಗಸರ ಹಾಗೆ ನಾಚಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ. ಅವಳು ಮೊದಲೇ ಏನನ್ನೂ ಯೋಚಿಸಿರಲಿಲ್ಲ. ಆದರೆ ಸಿಟ್ಟು ಬಂದಾಗ ಅವಳಿಗೆ ಮಾತು ಕಟ್ಟಿಕೊಂಡೇ ಬರುತ್ತಿದ್ದವು. ಆ ಒಡಕು ಕಂಠದಲ್ಲಿ, ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು:

"ಬೆಳವಣಕಿ ನನ್ನ ತವರ, ಕೇಳ್ರಿ ಕುಂತ ಹಿರ್ಯಾರ,
ಹಾಡ ಬರದಾಕಿ ನಿರ್ಮಲಾ, ಶಾಲ ಹೊದ್ದವ್ರು ಕಳಕೇಶರ."

ಮಂಟಪ ಒಂದು ಗಳಿಗೆ ಸುಮ್ಮನಾಯಿತು. ಕಳಕೇಶನ ಮುಖದಲ್ಲಿ ರಕ್ತ ಇಳಿದು ಹೋದದ್ದು ಅವಳಿಗೆ ಕಂಡಿತು. ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಮುಂದೆ ಬಾಗಿ ಅವಳನ್ನೇ ದಿಟ್ಟಿಸುತ್ತಿದ್ದಳು. ಆ ಒಂದು ಗಳಿಗೆ ಹಾಡು ಅವಳದಾಗಿತ್ತು.

ತೋಟಪ್ಪ ಮಾಸ್ತರರು ಬಿದ್ದು ಬಿದ್ದು ನಕ್ಕರು.

"ನೋಡ್ರೆಪಾ! ನೋಡ್ರಿ! ಕವಿ ಅಂದ್ರ ಇವರು! ತಮ್ಮ ಸನ್ಮಾನದಾಗ ತಮ್ಮ ಕಾಲು ತಾವ ಎಳಕೊಂಡು, ಹೆಂಡ್ತಿ ಬಾಯಾಗ ಎಂಥಾ ಒಡಪ ಬರದ ಇಟ್ಟಾರ ನೋಡ್ರಿ! ಹೆಂಡ್ತಿ ಹೆಸರ ಮ್ಯಾಲ ಇಟ್ಟು, ತಮ್ಮ ಹೆಸರ ಕೆಳಗ ಇಟ್ಟಾರ. ಇಂಥಾ ದೊಡ್ಡ ಮನಸ ಯಾರಿಗಿ ಬರ್ತೈತಿ?"

ಮುನ್ನೂರು ಜನ ಒಮ್ಮೆಲೇ ನಕ್ಕರು. ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿ ಬಿತ್ತು. ಮುದುಕಿಯೂ ಬೊಚ್ಚುಬಾಯಿ ಬಿಟ್ಟು ನಕ್ಕಳು. ಹುಡುಗರು ಸಿಳ್ಳೆ ಹಾಕಿದರು. "ನಾನ ಬರದದ್ರಿ," ಎಂದಳು ನಿರ್ಮಲಾ. ಅಷ್ಟರಲ್ಲಿ ಮೈಕು ಅವಳ ಬಾಯಿಂದ ಸರಿದು ಹೋಗಿತ್ತು. ಆ ಮಾತು ಬುಟ್ಟಿಯಲ್ಲಿದ್ದ ಬಾಳೆಹಣ್ಣಿಗೆ ಕೇಳಿದ್ದರೆ ಕೇಳಿರಬೇಕು.

ಮೈಕು ಹೋದದ್ದು ಕಳಕೇಶನ ಕಡೆಗೆ. ಅವನ ಮುಖಕ್ಕೆ ರಕ್ತ ಮರಳಿ ಬಂದಿತ್ತು. ಅವನಿಗೆ ಆಗ ಎರಡು ದಾರಿಯಿದ್ದವು, ಎರಡೂ ಅಷ್ಟೇ ಸಲೀಸು. ಹೌದ್ರಿ, ಆಕಿ ಹೇಳಿದ್ದ ಖರೆ ಅಂದಿದ್ದರೆ ಮುಗಿಯುತ್ತಿತ್ತು.

"ನಿನ್ನೆ ಕುಂದ್ರಿಸಿ ತಾಲೀಮ ಮಾಡ್ಸಿದ್ದೆರಿ," ಎಂದ ಕಳಕೇಶ, ನಗುತ್ತ. "ಒಂದೂ ತಪ್ಪಿಲ್ಲದ ಹೇಳಿದ್ಲು ನೋಡ್ರಿ."

ನಿರ್ಮಲಾ ಕೂತಳು. ಯಾರೋ ಹಾಡು ಹಚ್ಚಿದರು. ಟೊಂಯ್ ಟೊಂಯ್ ಟೊಂಯ್ ಎಂದು ಸ್ವರ ಇಳಿಯಿತು, ಹುಡುಗರು ವೇದಿಕೆಯ ಮುಂದೆ ಸತ್ತು ಬಿದ್ದು ಎದ್ದು ಕುಣಿದರು. ಅವಳು ಅಳಲಿಲ್ಲ. ಅತ್ತಿದ್ದರೆ ಅದನ್ನೂ ಅವನೇ ಕಲಿಸಿದ್ದೆಂದು ಜನ ಮೆಚ್ಚುತ್ತಿದ್ದರು.

ಊಟ ಮುಗಿಸಿ ಮೂರು ಗಂಟೆಯ ಗಜೇಂದ್ರಗಡದ ಬಸ್ಸು ಹತ್ತಿದರು. ಕಳಕೇಶ ಕಿಟಕಿಯ ಪಕ್ಕ ಕೂತ, ಶಾಲು ತೆಗೆದಿರಲಿಲ್ಲ. ಊರು ದಾಟಿ ಕರೀ ಹೊಲಗಳು ಬಂದವು. ಆಮೇಲೆ ಹೊರಗೆ ನೋಡುತ್ತಲೇ, "ಆ ಹೊತ್ತಿನ್ಯಾಗ ಹೇಳಾಕ ಬಾಯಿ ಬರಲಿಲ್ಲ," ಅಂದ. "ಮುಂದಿನ ಸಲ ಹೇಳೇ ಹೇಳ್ತೇನಿ." ಕೊರಳ ಹಾರ ಸರಿಮಾಡಿಕೊಂಡು, "ಆದ್ರ ಒಡಪ ಚಲೋ ಇತ್ತ. ಅದನ್ನ ಇನ್ನ ನಾಕ ನುಡಿ ಬೆಳಸಿದ್ರ ಒಂದು ಹಾಡ ಆಕ್ಕೈತಿ, ಅಲ್ಲ?" ಎಂದು ಕೇಳಿದ.

ಕೊಡುವ ಉತ್ತರವನ್ನೂ ಇವನು ತನ್ನದು ಮಾಡಿಕೊಳ್ಳುತ್ತಾನೆ ಎಂದು ನಿರ್ಮಲಾಳಿಗೆ ಗೊತ್ತಾಗಿತ್ತು. ಇನ್ನು ಮೇಲೆ ಮಿ‌ಶನ್ ತುಳಿಯುವಾಗ ಬಾಯಿ ಕಟ್ಟಿಕೊಂಡು ತುಳಿಯಬೇಕು ಎಂದುಕೊಂಡಳು.

ಕಂಡಕ್ಟರ್ ಟಿಕೀಟು ಕೊಡುತ್ತ ಬಂದವನು ಶಾಲು, ಹಾರ ನೋಡಿ ಕಣ್ಣರಳಿಸಿದ. "ಓಹೋ, ಮೂರ ಜೀವದ ಕವಿಗಳು! ನಮ್ಮ ಬಸ್ಸಿನ್ಯಾಗ!" ಎಂದು ಕಳಕೇಶನ ಕೈ ಕುಲುಕಿ ಅವನ ಟಿಕೀಟು ಹರಿದುಕೊಟ್ಟ. ನಿರ್ಮಲಾ ಚೀಲದಿಂದ ತನ್ನ ಆಧಾರ್ ಕಾರ್ಡು ತೆಗೆದು ಹಿಡಿದಳು. ಹೆಂಗಸರಿಗೆ ಪುಕ್ಕಟೆ ಟಿಕೀಟು ಬೇಕಾದರೆ ಕಾರ್ಡು ತೋರಿಸಬೇಕಷ್ಟೇ.

"ಇರ್ಲಿ ಬಿಡ್ರಿ ಅಕ್ಕಾರ," ಎಂದ ಕಂಡಕ್ಟರ್. "ಕವಿಗಳ ಮನಿಯವರು ಅಂತ ಗೊತ್ತಾತಲ್ಲ."

ಅವಳು ಕೈ ಹಿಂದೆ ತೆಗೆಯಲಿಲ್ಲ.

"ನೋಡ್ರಿ."

"ಬ್ಯಾಡ್ರಿ, ಗುರ್ತ ಸಿಕ್ತು."

"ಓದ್ರಿ ಅದನ್ನ."

ಕಂಡಕ್ಟರ್ ಅವಳ ಮುಖ ನೋಡಿ, ಆಮೇಲೆ ಸೀಟಿನ ಕಂಬಿ ಹಿಡಿದು ಕಾರ್ಡಿನ ಮೇಲೆ ಬಾಗಿದ. "ನಿರ್ಮಲಾ..." ಎಂದು ಓದಿ ತಡೆದ. "ಮುಂದಿಂದು ಕಾಣವಲ್ದರಿ. ಹೆಬ್ಬಟ್ಟ ತಗೀರಿ."

ತನ್ನ ಹೆಸರಿನ ಮುಂದಿದ್ದ ಗಂಡನ ಹೆಸರಿನ ಮೇಲಿಂದ ನಿರ್ಮಲಾ ಹೆಬ್ಬೆರಳು ತೆಗೆಯಲಿಲ್ಲ. "ಅಷ್ಟ ಓದ್ರಿ," ಅಂದಳು. "ಇನ್ನೊಮ್ಮೆ."

ಬಸ್ಸು ರಸ್ತೆಯ ಗುಂಡಿಯಲ್ಲಿ ಇಳಿದು ಕುಲುಕಿತು. ಕಂಡಕ್ಟರ್ ಟಿಕೀಟಿನ ಮಿಶನ್ ಎದೆಗೊತ್ತಿಕೊಂಡು ಅವಳನ್ನೂ ಅವಳ ಗಂಡನನ್ನೂ ನೋಡುತ್ತ ನಿಂತ. ಚಾಚಿದ ಕೈ ಹಾಗೇ ಇತ್ತು. ಒತ್ತಿ ಹಿಡಿದ ಉಗುರು ಬೆಳ್ಳಗಾಗಿತ್ತು.